ಕೆಂಪು ಗೆರೆಯ ಕೆಳಗಿನ ಚುಕ್ಕೆ

ಊಟ ಮುಗಿಸಿ ಬಂದ ನಿಶಾತ್ ಎಂದಿನಂತೆ ಪರೀಕ್ಷೆಯ ಬೆಂಚಿನ ಮುಂದೆ ಕುಳಿತಳು. ಮಾಲೂರಿನ ಆ ಕಾರ್ಖಾನೆಯಲ್ಲಿ ಸರಕು ಆಟೋಗಳ ಬ್ರೇಕಿಗೆ ಹಾಕುವ ರಬ್ಬರ್ ಪೈಪು ತಯಾರಾಗುತ್ತಿತ್ತು. ಪ್ರತಿ ಪಾಳಿಯಲ್ಲೂ ಕೆಲವು ಪೈಪುಗಳನ್ನು ಬೆಂಚಿಗೆ ಸಿಕ್ಕಿಸಿ, ಒಳಗೆ ಎಣ್ಣೆಯ ಒತ್ತಡ ಕೊಟ್ಟು, ಎಷ್ಟು ಹೊತ್ತಿಗೆ ಒಡೆಯುತ್ತವೆಂದು ನೋಡುವುದು ಅವಳ ಕೆಲಸ. ಗೊತ್ತುಪಡಿಸಿದ ವೇಳೆ ಮುಗಿದರೂ ಒಡೆಯದವನ್ನು ಬಿಚ್ಚಿ, ಇಲ್ಲಿಯವರೆಗೆ ತಡೆದಿದೆ, ಮುಂದಿನದು ತಿಳಿಯದು ಎಂದು ಗುರುತು ಹಾಕಬೇಕು. ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು, ಆ ಪಾಳಿಯ ಪೈಪು ಎಷ್ಟು ಹೊತ್ತು ತಡೆಯುತ್ತದೆಂದು ತೋರಿಸಲು ಚಾರ್ಟಿನಲ್ಲಿ ಒಂದು ಚುಕ್ಕೆ ಇಡಬೇಕು. ಚುಕ್ಕೆ ಕೆಂಪು ಗೆರೆಯ ಕೆಳಗಿಳಿದರೆ ಉತ್ಪಾದನೆ ನಿಲ್ಲಿಸಬೇಕು.

ಹೊಸ ರಬ್ಬರ್ ಬಂದಾಗಿನಿಂದ ಚುಕ್ಕೆ ಇಳಿಯತೊಡಗಿತ್ತು. ಸೂಪರ್‌ವೈಸರ್ ಮುರಳಿಮೋಹನ್ ಪೈಪುಗಳನ್ನು ಅರ್ಧಕ್ಕೇ ಬಿಚ್ಚಿಸಿ, ಪೂರ್ತಿ ವೇಳೆ ತಡೆದಿವೆ ಎಂದು ಬರೆಸುತ್ತಿದ್ದ. ಮೊದಲ ಸಲ ನಿಶಾತ್‌ಗೆ ನಿದ್ದೆ ಬಂದಿರಲಿಲ್ಲ. ಈಗ ಏನೂ ಅನ್ನಿಸುತ್ತಿರಲಿಲ್ಲ. ಹೇಳಿದ ಅಂಕಿ ಬರೆಯುತ್ತಿದ್ದಳು, ಕೋಲಾರದ ಬಸ್ಸು ಹತ್ತುತ್ತಿದ್ದಳು, ಮನೆಯಲ್ಲಿ ಅಮ್ಮಿ ಮಾತಾಡಿಸಿದರೆ ಹೂಂ ಅನ್ನುತ್ತಿದ್ದಳು.

ಅಂದು ಬೆಂಚಿನ ಸಹಾಯಕಿ ಅಶ್ವತ್ಥಮ್ಮ ಪೈಪು ಬಿಚ್ಚಲು ಕೈಹಾಕಿದಾಗ, "ಇರ್ಲಿ ಬಿಡಿ ಅಶ್ವತ್ಥಮ್ಮ" ಎಂದಳು. ಯಾಕೆ ಹಾಗಂದಳೋ ಅವಳಿಗೇ ತಿಳಿಯಲಿಲ್ಲ.

ವೇಳೆ ಮುಗಿಯುವ ಮೊದಲೇ ಒಂದರ ಹಿಂದೊಂದು ಪೈಪು ಒಡೆದವು. ಎಣ್ಣೆ ಬೆಂಚಿಗೆ ಮರೆಯಾಗಿದ್ದ ಗಾಜಿನ ಮೇಲೆ ಹರಿಯಿತು. ನಿಶಾತ್ ಪ್ರತಿಯೊಂದೂ ಒಡೆದ ವೇಳೆ ಬರೆದುಕೊಂಡಳು. ಆಮೇಲೆ ಚುಕ್ಕೆಯನ್ನು ಅದು ಬೀಳಬೇಕಾದ ಜಾಗದಲ್ಲೇ ಇಟ್ಟಳು, ಕೆಂಪು ಗೆರೆಯ ಕೆಳಗೆ.

ಮುರಳಿಮೋಹನ್ ಬಂದು ಚಾರ್ಟ್ ನೋಡಿದ. "ಏನಮ್ಮ ಇದು? ಇಷ್ಟು ದಿನ ಬಿಚ್ಚಿದಾಗ ಅವು ಒಡೆದಿರ್ಲಿಲ್ಲ ತಾನೆ? ಸುಳ್ಳೇನು ಬರ್ದಿದೀವಿ?"

"ಅಲ್ಲೀವರ್ಗೂ ಒಡೆದಿಲ್ಲ ಅಂತಷ್ಟೇ ಗೊತ್ತಿತ್ತು ಸಾರ್. ಮುಂದಿಂದು ಗೊತ್ತಿಲ್ದೇನೇ ಗೊತ್ತು ಅಂತ ಬರೆದ್ವಿ."

"ಲೈನ್ ನಿಂತ್ರೆ ಕಾಂಟ್ರಾಕ್ಟ್ ಹೆಂಗಸ್ರಿಗೆ ನಾಳೆ ಕೆಲ್ಸ ಇಲ್ಲ. ಅವ್ರಿಗೆ ನೀನೇ ಹೇಳ್ತೀಯಾ?"

ನಿಶಾತ್ ಹೆಂಗಸರಿದ್ದ ಕಡೆ ನೋಡಿದಳು. ಆ ಮಾತೂ ನಿಜವೇ ಆಗಿತ್ತು.

ಎಣ್ಣೆ ಒರೆಸುತ್ತಿದ್ದ ಅಶ್ವತ್ಥಮ್ಮ ತಲೆಯೆತ್ತದೆ ಹೇಳಿದಳು. "ಕೆಲ್ಸ ಇಲ್ದಿದ್ರೆ ಕಷ್ಟಾನೇ ಸಾರ್. ಆದ್ರೆ ನಮ್ಮಳಿಯ ಇಂಥ ಗಾಡೀಲೇ ಮುಳಬಾಗಿಲಿಂದ ಟೊಮೊಟೊ ತರೋದು. ಇದನ್ನ ನೋಡಿದ್ಮೇಲೆ ಹೆಂಗ್ ಬಿಚ್ಲಿ?"

ಮುರಳಿಮೋಹನ್ ಒಡೆದ ಪೈಪೊಂದನ್ನು ಕೈಗೆತ್ತಿಕೊಂಡು ಸೀಳಿನ ಮೇಲೆ ಹೆಬ್ಬೆರಳಾಡಿಸಿದ. ಕೊನೆಗೆ ಗೇಟಿಗೆ ಫೋನ್ ಮಾಡಿದ. "ಲಾರಿ ಹೊರಟಿದ್ಯಾ? ನಿಲ್ಸು. ಮಾಲು ಇಳಿಸ್ಬೇಕು." ತಾನೇ ಹೋಗಿ ಲೈನ್ ನಿಲ್ಲಿಸಿದ.

ಶೆಡ್ಡಿನಲ್ಲಿ ಸದ್ದಡಗಿತು. ನಿಶಾತ್ ಹೆಂಗಸರಿದ್ದ ಕಡೆ ನಡೆದಳು.

"ನಾಳೆ ಲೈನ್ ಇರಲ್ಲ. ನಿಲ್ಸೋ ಹಾಗೆ ಮಾಡಿದ್ದು ನಾನೇ."

ಅವರಲ್ಲಿ ಹಿರಿಯಳಾದ ದೊಡ್ಡಗಂಗಮ್ಮ ಕೈಗವಸು ಕಳಚಿ ಎಸೆದಳು. "ನಮ್ ಹೊಟ್ಟೆ ಮೇಲೆ ಹೊಡ್ದೆ ಕಣಮ್ಮಾ."

ಬಹಳ ದಿನಗಳ ಮೇಲೆ ಒಂದು ಮಾತು ನಿಶಾತ್‌ಳನ್ನು ನೋಯಿಸಿತ್ತು. ಪೈಪು ಯಾಕೆ ಒಡೆಯಿತೆಂದು ಮೊದಲಿಂದ ಹೇಳುತ್ತ ಅವಳು ಅವರ ನಡುವೆಯೇ ಕುಳಿತಳು.