ಹೇಳಿದ್ದನ್ನು ಬರೆಯುವವಳು

ಅಂಗವಿಕಲರ ದಿನದ ಸನ್ಮಾನದಲ್ಲಿ ಪ್ರಾಚಾರ್ಯ ಕುಬೇರಪ್ಪನವರು ನುಜಹತಳಿಗೆ ಶಾಲು ಹೊದಿಸಿ, ಪತ್ರಿಕೆಯ ಫೋಟೋದವನು ಸಾಕೆನ್ನುವ ತನಕ ಅದರ ತುದಿ ಬಿಡಲಿಲ್ಲ. ಅವಳಿಗೆ ಕ್ಯಾಮೆರಾ ಕಾಣುವುದಿಲ್ಲ. ಕಣ್ಣಿಗೆ ಬರುವುದು ಬೆಳಕು, ನೆರಳು ಅಷ್ಟೇ. ಹಾಗಾಗಿ ಅವರೇ ಅವಳ ತಲೆ ಹಿಡಿದು ತಿರುಗಿಸಿದರು. ಸಂತೆಯಲ್ಲಿ ಕುರಿಯ ಹಲ್ಲು ತೋರಿಸುವವರೂ ಇದಕ್ಕಿಂತ ಮೆಲ್ಲಗೆ ಹಿಡಿಯುತ್ತಾರೆ ಎಂದುಕೊಂಡಳು, ಕೊನೆಯ ಸಾಲಿನಲ್ಲಿ ಕುಳಿತಿದ್ದ ಗೌಹರ.

ಗೌಹರ ನುಜಹತಳ ಚಿಕ್ಕಪ್ಪನ ಮಗಳು. ಎಂಟನೆಯ ತರಗತಿಗೇ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತವಳು. ಮಾತು ಕಡಿಮೆ, ನೋಟ ಹೆಚ್ಚು. ಬಿ.ಎ. ಓದುವ ನುಜಹತಳನ್ನು ಸವಣೂರಿನಿಂದ ಬಸ್ಸಿನಲ್ಲಿ ಶಿಗ್ಗಾಂವದ ಈ ಕಾಲೇಜಿಗೆ ಕರೆತರುವವಳು ಅವಳೇ.

ಮರುದಿನ ಇತಿಹಾಸದ ಪರೀಕ್ಷೆ. ತಾನು ಹೇಳಿದ್ದನ್ನು ಬರೆಯಲು ಒಬ್ಬರು ಬೇಕು, ಸಮಯವೂ ಸ್ವಲ್ಪ ಹೆಚ್ಚು ಬೇಕು ಎಂದು ನುಜಹತ ಎಂದೋ ಅರ್ಜಿ ಕೊಟ್ಟಿದ್ದಳು. ಅದನ್ನು ನೋಡಲು ಯಾರಿಗೂ ಪುರಸತ್ತಿರಲಿಲ್ಲ. ಶಾಲು ಹೊದಿಸಲು ಎಲ್ಲರಿಗೂ ಇತ್ತು. ಹೋದ ಸಲ ಬರೆಯುವವರಿಲ್ಲದೆ ಅವಳು ಖಾಲಿ ಹಾಳೆ ಕೊಟ್ಟು ಬಂದಿದ್ದಳು. ಈ ಸಲವೂ ಫೇಲಾದರೆ ಕಾಲೇಜು ಸಾಕು ಎಂದು ಮನೆಯಲ್ಲಿ ಹೇಳಿಯಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಪ್ರಾಚಾರ್ಯರ ಕೋಣೆಗೆ ಹೋದರು. ನುಜಹತ ಅರ್ಜಿಯ ಮಾತೆತ್ತಿದಾಗ ಅವರು ಮಿರ್ಚಿ ಭಜಿ ತಿನ್ನುತ್ತಿದ್ದರು.

"ಅದಕ್ಯಾಕ ಚಿಂತಿ ಮಾಡ್ತೀಯವ್ವಾ? ನಮ್ಮ ಚೌಡಪ್ಪಗ ಹೇಳೇನಿ. ನೀ ಸುಮ್ಮನ ಕುಂದ್ರು, ಅವನೇ ಎಲ್ಲಾ ಬರದು ಪಾಸ್ ಮಾಡಿಸ್ತಾನ."

ಬಾಗಿಲಲ್ಲಿ ನಿಂತ ಗುಮಾಸ್ತ ಚೌಡಪ್ಪ, ಆಗಲೇ ಪುಣ್ಯ ಗಂಟು ಕಟ್ಟಿಕೊಂಡವನಂತೆ ತಲೆಯಾಡಿಸಿದ.

"ನಾ ಹೇಳಿದ್ದನ್ನ ಬರೀಬೇಕ್ರಿ ಸರ್," ಎಂದಳು ನುಜಹತ.

"ನೀ ಹೇಳಿದ್ದು ಬರದ್ರ ಪಾಸ್ ಆಗಬೇಕಲ್ಲ!" ಕುಬೇರಪ್ಪ ನಕ್ಕರು. ಚೌಡಪ್ಪ ಅವರಿಗಿಂತ ಒಂದು ಗಳಿಗೆ ಹೆಚ್ಚಿಗೆ ನಕ್ಕ.

"ಬರಿಯಾಕ ಈಕಿ ಬಂದಾಳ್ರಿ, ನಮ್ಮ ಗೌಹರ. ಬರಿಯೋರು ನನಗಿಂತ ಕಡಿಮಿ ಓದಿರಬೇಕು ಅಂತ ನಿಯಮ ಐತಲ್ರಿ."

"ಎಷ್ಟು ಓದೀದಿ?" ಕುಬೇರಪ್ಪ ಗೌಹರಳ ಕಡೆ ತಿರುಗಿದರು.

"ಎಂಟನೇತ್ತೆ," ಎಂದಳು ಗೌಹರ.

"ಚಲೋ ಆತು. ಕಣ್ಣಿಲ್ಲದಾಕಿಗೆ ಸಾಲಿ ಬಿಟ್ಟಾಕಿ ಜೋಡಿ! ಪೇಪರ್ ತಪಾಸ್ ಮಾಡಾವ ಏನ್ ಪಾಪ ಮಾಡಿದ್ದ?"

ಬೇರೆ ಕಡೆಯಾಗಿದ್ದರೆ ಗೌಹರ ತಲೆ ತಗ್ಗಿಸುತ್ತಿದ್ದಳು. ಇಲ್ಲಿ ಅವರ ಮೀಸೆಗೆ ಅಂಟಿದ್ದ ಹಿಟ್ಟಿನ ಚೂರನ್ನೇ ನೋಡುತ್ತ ನಿಂತಳು. ಇಷ್ಟೆಲ್ಲ ಓದಿದ ಈ ಮನುಷ್ಯನಿಗೆ ದಾನ ಮಾಡಲು ಬರುತ್ತದೆ. ಕೇಳಿದ್ದನ್ನು ಕೊಡಲು ಬರುವುದಿಲ್ಲ.

"ಫೋಟೋ ತಗದ ಪೇಪರಿನವರು ಇನ್ನೂ ಹೋಗಿಲ್ರಿ," ಎಂದಳು, ಕಿಟಕಿಯ ಕಡೆ ನೋಡಿ. "ಹೊರಗ ಚಾ ಕುಡಿಯಾಕತ್ತಾರ."

ಅಷ್ಟೇ ಅಂದದ್ದು. ಬಾಯಿಗೆ ಹೊರಟಿದ್ದ ಭಜಿ ಅರ್ಧದಲ್ಲೇ ನಿಂತಿತು. ಕುಬೇರಪ್ಪ ಕೈ ಒರೆಸಿಕೊಂಡು ಅನುಮತಿಗೆ ಸಹಿ ಹಾಕಿದರು. "ನಮ್ಮ ಮನಸು ದೊಡ್ಡದು, ಅದಕ್ಕ ಮಾಡೇನಿ," ಎಂದು ಸೇರಿಸುವುದನ್ನು ಮರೆಯಲಿಲ್ಲ.

ಮರುದಿನ ಬೇರೆ ಕೋಣೆ. ಕಾವಲಿಗೆ ಚೌಡಪ್ಪ. ಗೌಹರ ಪ್ರಶ್ನೆ ಓದಿದಳು, ನುಜಹತ ಒಂದೊಂದೇ ವಾಕ್ಯ ಉತ್ತರ ಹೇಳಿದಳು, ಗೌಹರ ಬರೆದಳು. ಒಂದು ಪ್ರಶ್ನೆಗೆ ಮಾತ್ರ ನುಜಹತ ಹಣೆ ಉಜ್ಜಿಕೊಳ್ಳುತ್ತ ಸುಮ್ಮನಾದಳು. ಚೌಡಪ್ಪ ಎದ್ದು ಬಂದ. ಅವಳ ಕಡೆ ನೋಡಲೂ ಇಲ್ಲ, ಗೌಹರಳ ಕಿವಿಯ ಹತ್ತಿರ ಬಗ್ಗಿದ.

"ಪಾಪ, ಆಕಿಗೇನ್ ಗೊತ್ತಾಗ್ತೈತಿ. ನಾ ಹೇಳ್ತೇನಿ, ಬರ್ಕೋ."

ಗೌಹರಳ ಪೆನ್ನು ಹಾಳೆಯ ಮೇಲೆ ನಿಂತಿತು. ನುಜಹತ ಪಾಸಾಗಬೇಕೆಂಬ ಆಸೆ ಅವಳಿಗೂ ಇತ್ತು. ಆ ಅಂಕಗಳು ಹೋದರೆ ಮನೆಯಲ್ಲಿ ಏನಾಗುತ್ತದೆ ಎಂಬುದೂ ಗೊತ್ತಿತ್ತು.

"ಗೌಹರ, ಅದನ್ನ ಬರೀಬ್ಯಾಡ." ನುಜಹತ ಮನೆಮಾತಾದ ಉರ್ದುವಿನಲ್ಲಿ ಹೇಳಲಿಲ್ಲ, ಅವನಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು. "ನನಗ ಆ ಉತ್ತರ ಬರಂಗಿಲ್ಲ. ಬಿಡು."

"ಫೇಲ್ ಆದಿ ನೋಡು ಮತ್ತ," ಎಂದ ಚೌಡಪ್ಪ.

"ಆದ್ರ ನಾ ಆಗ್ತೇನ್ರಿ. ನೀವು ಯಾಕ ಆಗ್ತೀರಿ? ಕುಂತ್ಕೊಳ್ರಿ."

ಗೌಹರ ಅಲ್ಲಿ ಜಾಗ ಖಾಲಿ ಬಿಟ್ಟು, ಮುಂದಿನ ಪ್ರಶ್ನೆ ಓದಿ, ಅದರ ಸಂಖ್ಯೆ ಬರೆದು, "ಹೇಳು," ಎಂದಳು.