ಉಪ್ಪಿಲ್ಲದ ಸಾಂಬಾರು

ಹೋಟೆಲಿನ ಹಿಂಬದಿಯ ಗಟಾರದಲ್ಲಿ ಸಾಂಬಾರು ಹರಿಯುತ್ತಿರುವುದನ್ನು ಕಂಡು ಮುಕ್ತಾಳ ಪಿತ್ತ ನೆತ್ತಿಗೇರಿತು. ಬೆಳಿಗ್ಗೆ ಗಂಡ ಮುರಾರಿ ಮಾಡಿದ ಸಾಂಬಾರು ಅದು. ತಪ್ಪಲೆ ಬಗ್ಗಿಸಿ ನಿಂತವನು ಬೇರೆ ಯಾರೂ ಅಲ್ಲ, ಮುರಾರಿಯ ಅಣ್ಣ ಹಯಗ್ರೀವ.

ಡೊಂಬಿವಲಿಯಲ್ಲಿ ಈ ಉಡುಪಿ ಹೋಟೆಲಿಗೆ ಹೆಸರು ಬಂದದ್ದೇ ಮುರಾರಿಯ ಸಾಂಬಾರಿನಿಂದ. ಖಿನ್ನತೆ ಹಿಡಿದ ಮೇಲೆ ಅವನು ಹಾಸಿಗೆ ಹಿಡಿದ. ಮನೆಯವರೋ, ಪ್ರೀತಿಯ ಹೆಸರಲ್ಲಿ ಅವನ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಂಡರು. ಕಾಫಿಯೂ ಹಾಸಿಗೆಗೆ, ಊಟವೂ ಹಾಸಿಗೆಗೆ. ಕಡೆಗೆ ಪಕ್ಕದ ಠಾಣೆ ಊರಿನ ಕೌನ್ಸೆಲರ್ ಶ್ರೀವಾಣಿ ಖಡಾಖಂಡಿತವಾಗಿ ಹೇಳಿದ್ದರು: "ಮನಸ್ಸು ಬರ್ಲಿ, ಆಮೇಲೆ ಕೆಲ್ಸ ಅಂತ ಕಾಯ್ಬೇಡಿ. ಮೊದ್ಲು ಕೆಲ್ಸ ಶುರುವಾಗ್ಲಿ, ಮನಸ್ಸು ಹಿಂದಿನಿಂದ ಬರತ್ತೆ. ಆದ್ರೆ ಅದು ನಿಜವಾದ ಕೆಲ್ಸ ಆಗಿರ್ಬೇಕು, ನಾಲ್ಕು ಜನಕ್ಕೆ ಬೇಕಾದ್ದು."

ಅಂದಿನಿಂದ ಮುರಾರಿ ದಿನಾ ಕಾಲೆಳೆದುಕೊಂಡು ಬಂದು ಸಾಂಬಾರು ಮಾಡುತ್ತಿದ್ದ. ದೇವರಿಗೆ ನೈವೇದ್ಯ ತೋರಿಸುವ ಮೊದಲು ರುಚಿ ನೋಡುವ ಪದ್ಧತಿ ಆ ಮನೆತನದಲ್ಲಿಲ್ಲ, ಕೈಯಂದಾಜೇ ಎಲ್ಲ. ಅವನು ಉಣ್ಣುತ್ತಿದ್ದದ್ದೂ ಬರೀ ಮೊಸರನ್ನ. ಗಿರಾಕಿಗಳು ಹೊಗಳಿದರೆಂದು ಅಣ್ಣ ಹೇಳುತ್ತಿದ್ದ.

"ಎಂತ ಮಾಡ್ತಿದ್ದೀರಿ ಭಾವ?"

"ಮೆಲ್ಲ ಮಾತಾಡು ಮಾರಾಯ್ತಿ. ಇದ್ರಲ್ಲಿ ಉಪ್ಪೇ ಇಲ್ಲ, ಗಿರಾಕಿಗೆ ಬಡಿಸ್ಲಿಕ್ಕೆ ಆಗ್ತದಾ? ಅಡುಗೆ ಭಟ್ರು ಬೇರೆ ಸಾಂಬಾರು ಮಾಡಿದ್ದಾರೆ. ಇವನಿಗೆ ಹೇಳಿದ್ರೆ ಪಾಪ, ಪುನಃ ಮಲಗ್ತಾನೆ."

"ಪಾಪ ಅಂತೆ ಪಾಪ! ದಿನಾ ಚೆಲ್ಲಿದ್ರಾ? ಅವರು ಜೀವ ಹಿಂಡಿ ಎದ್ದು ಬರುವುದು ಗಟಾರಕ್ಕೆ ಬಡಿಸ್ಲಿಕ್ಕಾ? ಈ ನಾಟಕಕ್ಕಿಂತ ಎರಡು ಬೈದಿದ್ರೆ ಒಳ್ಳೇದಿತ್ತು!"

ಬಾಗಿಲಲ್ಲಿ ಮುರಾರಿ ನಿಂತಿದ್ದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು. ಬಂದವನೇ ತಪ್ಪಲೆಗೆ ಬೆರಳದ್ದಿ ನೆಕ್ಕಿದ. ತಿಂಗಳುಗಳಿಂದ ಕಳೆಗೆಟ್ಟಿದ್ದ ಮುಖ ಕೆಂಪಗಾಯಿತು.

"ಉಪ್ಪಿಲ್ಲ ಅಂತ ಹೇಳ್ಲಿಕ್ಕೆ ನಿಂಗೆ ಬಾಯಿಲ್ವಾ ಅಣ್ಣ? ನಾನೇನು ಸಣ್ಣ ಮಗುವಾ?"

ಬೈಯಲಿ, ಚೆನ್ನಾಗಿ ಬೈಯಲಿ ಎಂದು ಮುಕ್ತಾಳ ಎದೆ ಹಿಗ್ಗಿತು. ಅಷ್ಟರಲ್ಲಿ ಅವನು ಇವಳತ್ತ ತಿರುಗಿದ.

"ನೀನು? ನಾನು ಮನೆಗೆ ತಂದ ಸಾಂಬಾರನ್ನು ದಿನಾ ಉಂಡು ಲಾಯ್ಕಾಗಿದೆ ಅಂದಿಯಲ್ಲ, ನಿನ್ನ ನಾಲಗೆಗೆ ಎಂತ ಆಗಿತ್ತು?"

ಉಪ್ಪಿಲ್ಲದ್ದು ಮುಕ್ತಾಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಭಾವನ ಮೇಲೆ ಕೂಗಾಡಿದ ತನ್ನ ಬಾಯಿಯ ಮೇಲೇ ಅವಳಿಗೆ ಸಿಟ್ಟು ಬಂತು.

ಮುರಾರಿ ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಹೊಸದಾಗಿ ಬೇಳೆ ತೊಳೆಯತೊಡಗಿದ. ಅವನ ಕೈಗೆ ಎಟುಕಲೆಂದು ಮುಕ್ತಾ ಉಪ್ಪಿನ ಭರಣಿ ಎತ್ತಿಕೊಂಡಳು.

"ಅಲ್ಲೇ ಇಡು!" ಎಂದು ಅವನು ಗದರಿದ. "ನಾನೇ ತೆಗೀತೇನೆ."

ಅವಳು ಭರಣಿಯನ್ನು ಅಲ್ಲೇ ಇಟ್ಟು ಹಿಂದೆ ಸರಿದಳು.