ಹೊಸಹಳ್ಳಿ ಮನೆಯ ಗುಂಡುಕಲ್ಲು

ಬೆಳಗಾದರೆ ಮೊಮ್ಮಗಳ ನಾಮಕರಣ, ಮನೆಯಲ್ಲಿ ನೋಡಿದರೆ ಗುಂಡುಕಲ್ಲಿಲ್ಲ. ಉಲ್ಲಾಳದ ಹೊಸ ಬಡಾವಣೆಯ ಮನೆಯಲ್ಲಿ ಕುಸುಮಾ ಸಜ್ಜೆ, ಮಂಚದಡಿ, ಮೆಟ್ಟಿಲ ಕೆಳಗಿನ ಗೂಡು ಎಲ್ಲವನ್ನೂ ಜಾಲಾಡಿ, ಸೊಂಟ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ಹೊಸಹಳ್ಳಿಯ ತವರುಮನೆ ಖಾಲಿ ಮಾಡುವಾಗ ಅಪ್ಪನ ಗೋಡೆ ಗಡಿಯಾರ ತಂದಿದ್ದಳು, ಅಮ್ಮನ ತಾಮ್ರದ ಹಂಡೆ ತಂದಿದ್ದಳು, ಕಾಲು ಮುರಿದ ಮಣೆಯನ್ನೂ ಬಿಡದೆ ತಂದಿದ್ದಳು. ಹಿತ್ತಲ ಒರಳಿನ ಗುಂಡನ್ನು ಮಾತ್ರ ಮರೆತು ಬಂದಿದ್ದಳು. ಅಡುಗೆಮನೆಯಲ್ಲಿ ಗ್ರೈಂಡರ್ ಗುರುಗುಟ್ಟುವಾಗ ಒರಳು ಯಾರಿಗೆ ನೆನಪಾಗುತ್ತದೆ ಹೇಳಿ.

"ಯಾವ್ದಾದ್ರೂ ಕಲ್ಲು ಆಗುತ್ತೆ ಬಿಡಮ್ಮ. ಗ್ರೈಂಡರ್ ಕಲ್ಲನ್ನೇ ತೊಳ್ದು ಇಟ್ರಾಯ್ತು" ಎಂದಳು ಮಗಳು ವಿಜಯಶ್ರೀ.

"ಕರೆಂಟ್ ಹೋದ್ರೆ ನಿಂತುಹೋಗೋ ಕಲ್ಲು ನನ್ನ ಮೊಮ್ಮಗಳಿಗೆ ಬೇಡ" ಎಂದು ಕುಸುಮಾ ರೇಗಿದಳು.

ಅವರಲ್ಲಿ ಹೆಸರಿಡುವ ದಿನ ತೊಟ್ಟಿಲಲ್ಲಿ ಮೊದಲು ಮಲಗುವುದು ಕೂಸಲ್ಲ, ಗುಂಡುಕಲ್ಲು. ಅದಕ್ಕೆ ಎಣ್ಣೆ ಸವರಿ, ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ತಲೆಗೆ ಕುಲಾವಿ ತೊಡಿಸುತ್ತಾರೆ. ಆಮೇಲೆ ತೊಟ್ಟಿಲಿನ ಆಚೆಗೊಬ್ಬಳು ಈಚೆಗೊಬ್ಬಳು ನಿಂತು, "ಗುಂಡು ತಗೊಂಡು ಕೂಸು ಕೊಡಿ" ಎನ್ನುತ್ತ ಎರಡನ್ನೂ ತೊಟ್ಟಿಲ ಮೇಲಿಂದ ಕೈ ದಾಟಿಸುತ್ತಾರೆ. ಕೂಸು ಆ ಕಲ್ಲಿನಷ್ಟೇ ಗಟ್ಟಿಯಾಗಲಿ ಎಂಬ ಆಸೆ. ಈ ಕೂಸಿಗಂತೂ ಗಟ್ಟಿತನ ಸಾಲದಾಗಿತ್ತು. ಎಂಟನೇ ತಿಂಗಳಿಗೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಮಲಗಿ ಬಂದಿತ್ತು. ಅತ್ತರೆ ಬೆಕ್ಕಿನ ಮರಿಯಷ್ಟು ಸದ್ದು. ಆ ಸದ್ದು ಕೇಳಿದಾಗೆಲ್ಲ ಕುಸುಮಾ ಕೈಯ ಕೆಲಸ ಬಿಟ್ಟು ಕೂಸಿನ ಬಳಿಗೆ ಓಡುತ್ತಿದ್ದಳು. ತಾನು ಮಲಗಿದ್ದ, ತನ್ನ ಮಗಳು ಮಲಗಿದ್ದ ತೊಟ್ಟಿಲಿಗೆ ಬಿದ್ದ ಕಲ್ಲೇ ಇದಕ್ಕೂ ಬೀಳಬೇಕು ಎಂದು ಅವಳು ಹಟ ಹಿಡಿದದ್ದು ಅದಕ್ಕೇ.

ಇನ್ನೊಂದು ಕೊರಗೂ ಇತ್ತು. ಆ ಗುಂಡಿನ ಜೊತೆಗೇ ನೆನಪಾಗುವವಳು ಹನುಮಕ್ಕ. ಹೊಸಹಳ್ಳಿ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವರ ಮಗಳು, ಕುಸುಮಾಳ ವಾರಿಗೆಯವಳು. ಸಂಜೆಯಾದರೆ ಇಬ್ಬರೂ ಒರಳಿನ ಮುಂದೆ. ಕುಸುಮಾ ಗುಂಡು ತಿರುಗಿಸಬೇಕು, ಹನುಮಕ್ಕ ಹಿಟ್ಟು ಒಳಕ್ಕೆ ತಳ್ಳಬೇಕು. "ನೀನು ತಿರುಗಿಸೇ, ನಾನಿಲ್ವಾ" ಎನ್ನುತ್ತಿದ್ದಳು ಹನುಮಕ್ಕ, ಬೆರಳಿನ ಭಯವೇ ಇಲ್ಲದೆ. ಒಮ್ಮೆ ನಕ್ಕೂ ನಕ್ಕೂ ಕುಸುಮಾಳ ಕೈ ತಪ್ಪಿ, ಹನುಮಕ್ಕನ ಹೆಬ್ಬೆರಳ ಉಗುರು ಜಜ್ಜಿಹೋಗಿ ಸೊಟ್ಟಗೆ ಬೆಳೆದಿತ್ತು. ಮದುವೆಯಾಗಿ ಒಬ್ಬಳು ಕಾಮಾಕ್ಷಿಪಾಳ್ಯಕ್ಕೆ, ಒಬ್ಬಳು ಉಲ್ಲಾಳಕ್ಕೆ ಹೋದರೂ ಹಬ್ಬಕ್ಕೆ ಇಬ್ಬರೂ ಆ ಮನೆಯ ಜಗಲಿಯ ಮೇಲೆ ಹಾಜರು.

ಹೋದ ವರ್ಷ ಕುಸುಮಾಳ ಅಣ್ಣ ಆ ಮನೆ ಮಾರಿಬಿಟ್ಟ. ಅದನ್ನು ಹನುಮಕ್ಕನಿಗೆ ಹೇಳಲು ಕುಸುಮಾಗೆ ಬಾಯಿ ಬರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುವಷ್ಟರಲ್ಲಿ ಹನುಮಕ್ಕ ಮನೆ ಕೆಡವುತ್ತಿರುವುದನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದಳಂತೆ. ಅಲ್ಲಿಂದ ಮಾತಿಲ್ಲ. ಸಾಲದ್ದಕ್ಕೆ ಈ ನಾಮಕರಣಕ್ಕೆ ಕುಸುಮಾ ಫೋನಿನಲ್ಲಿ ಕರೆದಳು. ಕೂಸನ್ನು ಬಿಟ್ಟು ಹೊರಡಲಾಗಲಿಲ್ಲ ಎಂಬುದು ನಿಜವೇ. ಆದರೆ ಹಣೆಗೆ ಕುಂಕುಮ ಇಡದೆ ಕರೆದರೆ ಅದೂ ಒಂದು ಕರೆಯೇ?

"ಫೋನಲ್ಲಿ ಕರೀತಿದೀಯೇನೇ ನನ್ನ?" ಎಂದು ಕೇಳಿ ಹನುಮಕ್ಕ ಫೋನ್ ಇಟ್ಟಿದ್ದಳು.

ಕುಸುಮಾ ಚೀಲ ಹಿಡಿದು ಹೊಸಹಳ್ಳಿಯ ಬಸ್ಸು ಹತ್ತಿದಳು. ಅವಸರದಲ್ಲಿ ಮೊಬೈಲು ಚಾರ್ಜಿನಲ್ಲೇ ಉಳಿಯಿತು.

ಮನೆಯಿದ್ದ ಜಾಗದಲ್ಲಿ ಪಾಯದ ಗುಂಡಿ ಬಾಯಿ ತೆರೆದುಕೊಂಡಿತ್ತು. ಜಗಲಿ ಎಲ್ಲಿತ್ತು, ನಡುಮನೆ ಎಲ್ಲಿತ್ತು ಎಂದು ಅಂದಾಜು ಮಾಡಲು ಹೋಗಿ ಅವಳಿಗೆ ಅಳುವೇ ಬಂತು. ಇಷ್ಟೇ ಇಷ್ಟು ಜಾಗದಲ್ಲಿ ನಾವೆಲ್ಲ ಹೇಗೆ ಹಿಡಿದಿದ್ದೆವು? ಮೂಲೆಯಲ್ಲಿ ತಗಡಿನ ಶೆಡ್ಡು, ಅದರ ಮುಂದೆ ಅದೇ ಒರಳು. ಕಿತ್ತು ಸಾಗಿಸಲಾರದೆ ಬಿಟ್ಟಿದ್ದರು. ಅದರ ಕುಳಿಯಲ್ಲಿ ನಿಂತ ನೀರನ್ನು ಒಂದು ಕೋಳಿ ಕುಡಿಯುತ್ತಿತ್ತು. ಗುಂಡು ಮಾತ್ರ ಇರಲಿಲ್ಲ.

ಶೆಡ್ಡಿನಿಂದ ವಾಚ್‌ಮನ್ ಗೂಳಪ್ಪ ಹೊರಬಂದ. ಬಾಗಲಕೋಟೆ ಕಡೆಯವನು.

"ಇದರ ಗುಂಡು ಎಲ್ಲಿ ಹೋಯ್ತಪ್ಪಾ?"

"ಮನಿ ಕೆಡವೋ ದಿನಾನ ಒಬ್ರು ಅಕ್ಕಾರು ಬಂದು ಒಯ್ದರ್ರೀ."

"ಯಾರು? ನೋಡೋಕೆ ಹೇಗಿದ್ರು?"

"ಸಣಕಲು ಅದಾರ್ರಿ, ಬಾಯಿ ಮಾತ್ರ ಭಾಳ ಜೋರು. ಜೆಸಿಬಿ ಮುಂದ ನಿಂತು, ಡ್ರೈವರಗ ಬೈದು, ಕಲ್ಲು ತಗೊಂಡು ಸೆರಗಿನಾಗ ಕೂಸಿನಂಗ ಸುತ್ಕೊಂಡು ಹೋದ್ರು."

ಕುಸುಮಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಹೊಸಹಳ್ಳಿ ಸುತ್ತಮುತ್ತ ಅಂಥ ಬಾಯಿ ಒಂದೇ ಇತ್ತು. ಕಲ್ಲು ಕ್ಷೇಮವಾಗಿದೆ ಎಂದು ಎದೆ ಅರ್ಧ ಹಗುರಾಯಿತು. ಉಳಿದರ್ಧ ಇನ್ನೂ ಭಾರವಾಯಿತು. ಯಾವ ಮುಖ ಹೊತ್ತು ಅವಳ ಬಾಗಿಲಿಗೆ ಹೋಗುವುದು? ಹೋದರೂ ಗೆಳತಿಗಾಗಿ ಬಂದಳು ಎಂದುಕೊಳ್ಳುತ್ತಾಳೋ, ಕಲ್ಲಿಗಾಗಿ ಬಂದಳು ಎಂದುಕೊಳ್ಳುತ್ತಾಳೋ?

ಆದದ್ದಾಗಲಿ ಎಂದು ಆಟೋ ಹಿಡಿದು ಕಾಮಾಕ್ಷಿಪಾಳ್ಯಕ್ಕೆ ಹೋದಳು. ಹನುಮಕ್ಕನ ಮನೆಗೆ ಬೀಗ. ಪಕ್ಕದ ಮನೆಯ ನರಸಮ್ಮ ಮೆಟ್ಟಿಲ ಮೇಲೆ ಕುಳಿತು ಗಾರ್ಮೆಂಟ್ಸ್‌ನಿಂದ ತಂದ ಶರ್ಟುಗಳ ದಾರ ಕತ್ತರಿಸುತ್ತಿದ್ದಳು.

"ಈಗ್ತಾನೆ ಆಟೋದಲ್ಲಿ ಹೋದ್ರು. ಚೀಲದಲ್ಲಿ ಏನೋ ಭಾರ ಇತ್ತು. ಏನಕ್ಕಾ ಅಂದ್ರೆ, ನಮ್ಮ ಗುಂಡಪ್ಪ ಅಂದ್ರು."

"ಎಲ್ಲಿಗಂತೆ?"

"ಹೇಳ್ಲಿಲ್ಲ. ಮುಖ ದಪ್ಪ ಮಾಡ್ಕೊಂಡಿದ್ರು, ನಾನೂ ಕೇಳೋಕ್ ಹೋಗ್ಲಿಲ್ಲ."

ಕುಸುಮಾ ಉಲ್ಲಾಳದ ಬಸ್ಸು ಹಿಡಿದಳು. ಹನುಮಕ್ಕ ಎಲ್ಲಿಗೆ ಹೋಗಿರಬಹುದು? ಮಗನ ಮನೆಗೆ ಹೋಗಿರಬಹುದು, ಕೋಪದಲ್ಲಿ ಯಾವುದಾದರೂ ಕೆರೆಗೆ ಕಲ್ಲು ಎಸೆಯಲೂ ಹೋಗಿರಬಹುದು. ಕರೆಯದ ಮನೆಗೆ ಹನುಮಕ್ಕ ಕಾಲಿಡುವವಳಲ್ಲ, ಅಷ್ಟು ಮಾತ್ರ ಗೊತ್ತಿತ್ತು.

ಬೀದಿಯ ತಿರುವಿನಲ್ಲೇ ಆ ದನಿ ಕೇಳಿಸಿತು.

"ತೊಟ್ಟಿಲು ಹಿಂಗೇನೇ ಕಟ್ಟೋದು? ಕೂಸು ಜಾರಿ ಬಿದ್ರೆ ಯಾರೇ ಹಿಡ್ಕೊಳ್ಳೋರು?"

ಕುಸುಮಾ ದಾಪುಗಾಲು ಹಾಕಿ ಮನೆ ತಲುಪಿದಳು. ಗೇಟು ಹಿಡಿದು ನಿಂತು, ಉಸಿರು ಪೂರ್ತಿ ಬಿಟ್ಟಳು. ಎಷ್ಟೋ ದಿನಗಳಿಂದ ಹಿಡಿದಿಟ್ಟಿದ್ದ ಉಸಿರದು. ಸಂತೋಷಕ್ಕೆ ಗೇಟಿಗೇ ಕೈ ಮುಗಿಯುವಂತಾಯಿತು.

ಒಳಗೆ ಹನುಮಕ್ಕ ನೆಲದ ಮೇಲೆ ಕಾಲು ಚಾಚಿ, ಕಾಲ ಮೇಲೆ ಗುಂಡುಕಲ್ಲು ಮಲಗಿಸಿಕೊಂಡು, ಬಾಣಂತಿಮನೆಯ ಅಜ್ಜಿಯ ಹಾಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಕುಸುಮಾಳನ್ನು ನೋಡಿಯೂ ನೋಡದವಳಂತೆ ಮಾತಾಡಿದಳು.

"ಫೋನಲ್ಲಿ ಕರೆದೋರ ಮನೆಗೆ ನಾನು ಬಂದಿಲ್ಲ. ಕಲ್ಲು ಕೊಟ್ಟು ಹೋಗೋಣ ಅಂತ ಬಂದೆ, ಅಷ್ಟೇ."

"ನಾನು ಮರ್ತೆ, ನಿಂಗೆ ಹೇಗೆ ನೆನಪಾಯ್ತೇ?"

"ನೀನು ಮರೀತೀಯ ಅಂತಲೇ ತಂದಿಟ್ಕೊಂಡೆ ಕಣೇ. ಸ್ಕೂಲಿಗೆ ಸ್ಲೇಟು ಬಿಟ್ಟು ಬರ್ತಿದ್ದೋಳಲ್ವಾ ನೀನು?" ಎಣ್ಣೆ ಕೈ ನಿಂತಿತು. ದನಿ ಇಳಿಯಿತು. "ನಾನೂ ಹುಟ್ಟಿ ಬೆಳೆದ ಮನೆ ಕುಸುಮಾ ಅದು. ಒಂದು ಮಾತು ಹೇಳಿದ್ರೆ, ಬಂದು ಒಂದ್ಸಲ ಜಗಲಿ ಮೇಲೆ ಕೂತಾದ್ರೂ ಹೋಗ್ತಿದ್ದೆ."

ಕುಸುಮಾ ದೇವರ ಮನೆಗೆ ಹೋಗಿ ಕುಂಕುಮದ ಬಟ್ಟಲು ತಂದಳು. ಗೆಳತಿಯ ಎದುರು ಮಂಡಿಯೂರಿ, ಹಣೆಗೆ ಕುಂಕುಮವಿಟ್ಟು, ಹೊರಗಿನ ಮನೆಗೆ ಹೋಗಿ ಕರೆಯುವವಳ ಹಾಗೆ ಕ್ರಮವಾಗಿ ಹೇಳಿದಳು.

"ನಾಳೆ ನನ್ನ ಮೊಮ್ಮಗಳ ನಾಮಕರಣ. ಮನೆಮಂದಿಯೆಲ್ಲ ಬರ್ಬೇಕು. ಊಟಕ್ಕೂ ನಮ್ಮಲ್ಲೇ."

ಹನುಮಕ್ಕ ಬಿಗುಮಾನ ಬಿಡಲಿಲ್ಲ. "ನೋಡ್ತೀನಿ. ಪುರುಸೊತ್ತಾದ್ರೆ ಬರ್ತೀನಿ" ಎಂದವಳು ವಿಜಯಶ್ರೀ ಕಡೆ ತಿರುಗಿದಳು. "ಒಂದು ಚಾಪೆ ಹಾಸಮ್ಮ. ಅಲ್ಲಿಂದ ಬೆಳಿಗ್ಗೆ ಬರೋದು ದೂರ ಆಗುತ್ತೆ, ಇಲ್ಲೇ ಮಲಗ್ತೀನಿ."

ಮರುದಿನ ತೊಟ್ಟಿಲಿನ ಈಚೆ ಕುಸುಮಾ, ಆಚೆ ಹನುಮಕ್ಕ. ಕುಲಾವಿ ತೊಟ್ಟ ಗುಂಡುಕಲ್ಲು ಹನುಮಕ್ಕನ ತೋಳಲ್ಲಿ, ಕೂಸು ಕುಸುಮಾಳ ತೋಳಲ್ಲಿ. ಹೆಂಗಸರೆಲ್ಲ "ಗುಂಡು ತಗೊಂಡು ಕೂಸು ಕೊಡಿ" ಎಂದರು. ಹನುಮಕ್ಕ ಕಲ್ಲನ್ನು ಕುಸುಮಾಳ ಎಡಗೈಗೆ ಆನಿಸಿ ಎರಡೂ ಕೈ ಚಾಚಿದಳು. ಅಷ್ಟು ಹಗುರಾದ ಜೀವವನ್ನು ಕೈಬಿಡುವುದು ಹೇಗೆಂದು ಕುಸುಮಾ ಕೂಸನ್ನು ಇನ್ನಷ್ಟು ಅವಚಿಕೊಂಡಳು.

"ಕೊಡೇ, ನಾನಿಲ್ವಾ" ಎಂದಳು ಹನುಮಕ್ಕ.

ಆ ಸೊಟ್ಟ ಉಗುರಿನ ಕೈಗೆ ಕುಸುಮಾ ಕೂಸನ್ನು ಕೊಟ್ಟುಬಿಟ್ಟಳು. ಎಣ್ಣೆ, ಅರಿಶಿನದ ತಣ್ಣನೆ ಅಂಗೈ ತಗುಲಿದ್ದಕ್ಕೋ ಏನೋ, ಕೂಸು ಬೆಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಹುಟ್ಟಿದಂದಿನಿಂದ ಒಮ್ಮೆಯೂ ಅಳದಷ್ಟು ಜೋರಾಗಿ ಕಿರುಚಿತು. ಬೀದಿಯವರೆಗೂ ಕೇಳಿಸಿತು. ಮನೆಯವರೆಲ್ಲ ಒಟ್ಟಿಗೇ ನಕ್ಕರು.

"ಸರಿಹೋಯ್ತು ಬಿಡು, ಇನ್ನೇನೂ ಭಯ ಇಲ್ಲ" ಎಂದಳು ಹನುಮಕ್ಕ. "ಹೊಸಹಳ್ಳಿ ಗಂಟಲೇ ಇದು."

ಕುಸುಮಾ ಗುಂಡುಕಲ್ಲನ್ನು ಎದೆಗೊತ್ತಿಕೊಂಡು ಆ ಅಳುವನ್ನು ಕೇಳುತ್ತ ನಿಂತಳು.